ಮಕ್ಕಳು ಹೊರಳುವ ಊರು

ನಾವು ಹೋಗಿ ನೆಲೆಸಿದ ಊರಿನಲ್ಲಿ ಮಕ್ಕಳು ಮಲಗಿದ ಮನೆಯಲ್ಲೇ ಏಳುತ್ತಾರೆ ಅನ್ನುವ ಗ್ಯಾರಂಟಿ ಇರಲಿಲ್ಲ. ದಿನಾ ಹಾಗಾಗುತ್ತಿತ್ತು ಅಂತಲ್ಲ. ಆಗೊಮ್ಮೆ ಈಗೊಮ್ಮೆ, ತನ್ನ ಮನೆಯ ಹಾಸಿಗೆಯಲ್ಲಿ ಮಲಗಿದ ಕೂಸು ಬೆಳಿಗ್ಗೆ ಊರಿನ ಇನ್ಯಾರದೋ ಮನೆಯಲ್ಲಿ ಕಣ್ಣುಜ್ಜುತ್ತ ಏಳುತ್ತಿತ್ತು. ಅದಕ್ಕೆ ಅಲ್ಲಿಯವರು ಹೊರಳುವುದು ಅನ್ನುತ್ತಿದ್ದರು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟೇ ಸಲೀಸು ಅದು ಅವರಿಗೆ. ‘ಇವತ್ತು ನಮ್ಮ ಸಣ್ಣವ ಹೊರಳ್ಯಾನ’ ಎಂದು ಹೇಳಿ ಪೇಟೆಯಲ್ಲಿ ಬದನೆಕಾಯಿ ಆರಿಸುತ್ತ ನಿಲ್ಲುವರು. ಮಗು ಸಿಕ್ಕ ಮನೆಯವರು ಅದರ ಮುಖ ತೊಳೆಸಿ, ತಲೆ ಬಾಚಿ, ಏನಾದರೂ ತಿನ್ನಿಸಿ ಶಾಲೆಗೆ ಕಳಿಸುವರು. ಸಂಜೆ ಶಾಲೆ ಬಿಟ್ಟ ಮೇಲೆ ಅದು ತಾನೇ ನಡೆದು ತನ್ನ ಮನೆಗೆ ಬರುವುದು. ಪ್ರತಿ ಮನೆಯಲ್ಲೂ ಒಂದು ಹೆಚ್ಚಿನ ಬ್ರಷ್ಷು, ಗೂಟದ ಮೇಲೆ ಮಕ್ಕಳದೊಂದು ಟವೆಲು ಇರುತ್ತಿತ್ತು. ಪಾಟೀಚೀಲವನ್ನು ಶಾಲೆಯಲ್ಲೇ ಬಿಟ್ಟು ಬರುವುದು, ಮಾಸ್ತರರು ಮನೆಗೆಲಸ ಕೊಡದೇ ಇರುವುದು, ಎಲ್ಲ ಇದೇ ಕಾರಣಕ್ಕೆ ಅಂತ ನನಗೆ ತಡವಾಗಿ ಹೊಳೆಯಿತು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಹೊರಳುವುದು ತಾನಾಗಿ ನಿಲ್ಲುತ್ತಿತ್ತು.

ಇಂಥ ಊರಿಗೆ ನಾವು ಹೋದದ್ದು ನನ್ನ ಗಂಡ ಮಹಾಂತೇಶರ ಕೆಲಸದ ಮೇಲೆ. ಅವರು ಗದಗಿನಲ್ಲಿ ಪ್ರಿಂಟಿಂಗ್ ಮಶೀನು ರಿಪೇರಿ ಮಾಡುತ್ತಿದ್ದರು. ಸಮುದ್ರದಾಚೆಯ ಆ ಊರಿನವರು ಎಲ್ಲಿಂದಲೋ ಒಂದು ಹಳೆಯ ಮಶೀನು ತಂದಿಟ್ಟುಕೊಂಡು, ನಡೆಸುವವರಿಲ್ಲದೆ, ಅವರಿವರನ್ನು ಕೇಳಿ ಕಡೆಗೆ ಇವರನ್ನು ಕರೆಸಿಕೊಂಡರು. ಆರು ತಿಂಗಳ ಮಾತಿನ ಮೇಲೆ ಹೋದ ಮಹಾರಾಯರು ಅಲ್ಲೇ ಬೇರುಬಿಟ್ಟರು. ನಾನು ಜೋಳದ ಹಿಟ್ಟು, ಶೇಂಗಾ ಚಟ್ನಿ, ರೊಟ್ಟಿ ಹಂಚು ಕಟ್ಟಿಕೊಂಡು, ಎಂಟು ವರ್ಷದ ಮಗಳು ನೀಲಾಂಬಿಕೆಯ ಕೈ ಹಿಡಿದುಕೊಂಡು ಹಿಂದಿನಿಂದ ಹಡಗು ಹತ್ತಿದೆ. ಊರಿನ ಹೆಸರು ಹೇಳಿ ಉಪಯೋಗವಿಲ್ಲ, ಹುಡುಕಿದರೂ ನಿಮಗೆ ಸಿಗುವುದಿಲ್ಲ. ಅಲ್ಲಿಯ ಭಾಷೆ ಕೆಲವೇ ತಿಂಗಳಲ್ಲಿ ನನ್ನ ನಾಲಿಗೆಗೆ ಹತ್ತಿತು. ಆದರೆ ಅವರು ಆಡಿದ್ದನ್ನು ಈಗ ನೆನೆದರೆ ನನ್ನ ಕಿವಿಗೆ ಕೇಳಿಸುವುದು ನಮ್ಮ ಗದಗಿನ ಮಾತಿನಲ್ಲೇ. ಹಾಗೆಯೇ ಬರೆಯುತ್ತೇನೆ.

ಪಕ್ಕದ ಮನೆಯ ಒರೂನಾ ಮೊದಲ ವಾರವೇ ಬಂದು ಪರಿಚಯ ಮಾಡಿಕೊಂಡಳು. ಅರವತ್ತು ದಾಟಿದವಳು, ಕೆಲಸದಲ್ಲಿ ಇದ್ದಷ್ಟು ದಿನ ದೋಣಿಯ ಟಿಕೀಟು ಹರಿದುಕೊಡುತ್ತಿದ್ದವಳು. ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿದ್ದರು.

“ನೋಡ್ ತಂಗೀ, ನಿನ್ನ ಹುಡುಗಿ ಹೊರಳಿದ್ರ ಹುಡುಕಾಕ ಓಡಬ್ಯಾಡ. ಸಂಜಿಗೆ ಬರ್ತಾಳ,” ಅಂದಳು.

“ಹೊರಳೂದು ಅಂದ್ರ?”

ಅವಳು ಹೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಮೂರು ದಿನದ ಮೇಲೆ ಅವಳ ಮನೆಯ ಬಾಗಿಲಿನಿಂದ ಗುರುತಿಲ್ಲದ ಹುಡುಗನೊಬ್ಬ ಬಾಯಿ ಒರೆಸಿಕೊಳ್ಳುತ್ತ ಶಾಲೆಗೆ ಓಡಿದ್ದನ್ನು ಕಣ್ಣಾರೆ ನೋಡಿದೆ. ಆವತ್ತಿನಿಂದ ಮಲಗುವಾಗ ನನ್ನ ಸೆರಗಿನ ತುದಿಯನ್ನು ಮಗಳ ಮುಂಗೈಗೆ ಬಿಗಿದು ಗಂಟು ಹಾಕತೊಡಗಿದೆ.

“ಆಕಿ ಏನ್ ಆಕಳ ಕರಾನ ಕಟ್ಟಿಹಾಕಾಕ?” ಅಂದರು ಮಹಾಂತೇಶ.

“ಸುಮ್ನ ಮಲಗ್ರಿ. ಹೆಚ್ಚ ಮಾತಾಡಿದ್ರ ಆ ಕಡೆ ಸೆರಗಿಗೆ ನಿಮ್ಮನ್ನೂ ಕಟ್ಟತೀನಿ,” ಅಂದೆ.

ನೀಲಾ ಹೊರಳಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಮಳೆಗಾಲ ಪೂರ್ತಿ ಹೋಯಿತು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಗಂಟು ಮುಟ್ಟಿ ನೋಡಿ, ಬಸವಣ್ಣನಿಗೆ ಕೈ ಮುಗಿದು ಏಳುತ್ತಿದ್ದೆ. ನನ್ನ ಪುಣ್ಯ ಅಂದುಕೊಂಡಿದ್ದೆ. ಆದರೆ ಮಗಳ ಮುಖ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಶಾಲೆಯಲ್ಲಿ ಅವಳಿಗೆ ಯಾರೂ ಕೆಟ್ಟದ್ದು ಅಂದಿರಲಿಲ್ಲ. ಟೀಚರಮ್ಮ ಒಳ್ಳೆಯವಳು, ಲೆಕ್ಕ ಬಾರದಿದ್ದರೂ ಗದರುತ್ತಿರಲಿಲ್ಲ. ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಅವರವರ ಮಾತೇ ಬೇರೆ. ನಾನು ಎದ್ದ ಮನೆಯಲ್ಲಿ ಗಿಳಿ ಇತ್ತು, ನಾನು ಎದ್ದಲ್ಲಿ ಒಬ್ಬ ಮುದುಕ ಹಾಡುತ್ತ ಹಲ್ಲುಜ್ಜುತ್ತಿದ್ದ, ನನಗೆ ಹಾಗಲಕಾಯಿಯಂಥದ್ದು ಏನೋ ತಿನ್ನಿಸಿದರು, ಅಂತೆಲ್ಲ. ಯಾರ ಮನೆ ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ನೀಲಾ ಹೇಳಲು ಏನೂ ಇಲ್ಲದೆ ಡಬ್ಬಿಯ ರೊಟ್ಟಿ ಮುರಿಯುತ್ತ ಕೂರುತ್ತಿದ್ದಳು.

“ಅವ್ವಾ, ನನ್ನ ಯಾರೂ ಯಾಕ ಒಯ್ಯಂಗಿಲ್ಲ?” ಅಂತ ಒಂದು ದಿನ ಕೇಳಿದಳು.

“ಒಯ್ಯಾಕ ನೀ ಏನ್ ನೀರಿನ ಕೊಡಾನ?”

“ಗದಗಿಗೆ ಹೋಗೂಣು ನಡಿ. ಅಲ್ಲೆ ಯಾರೂ ಹೊರಳೂದಿಲ್ಲ.”

ಆಮೇಲೆ ದಿನಾ ಅದೇ ರಾಗ. ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬರತೊಡಗಿತು. ಹುಡುಗಿ ಸೊರಗಿ ಕಡ್ಡಿಯಾದಳು. ಗಂಡ ಹೆಂಡತಿ ಕೂತು ಯೋಚಿಸಿದೆವು. ಇವರ ಕೆಲಸ ಬಿಡುವ ಹಾಗಿಲ್ಲ, ಮಗಳನ್ನು ಹೀಗೆ ನೋಡುವ ಹಾಗೂ ಇಲ್ಲ. ಹೊರದೇಶದಲ್ಲಿರುವ ನಮ್ಮ ಜನ ಎಷ್ಟೋ ಮಂದಿ ಮಕ್ಕಳನ್ನು ಊರಿಗೆ ಕಳಿಸಿ ಓದಿಸುತ್ತಾರೆ. ನನ್ನ ಅಕ್ಕ ಶಾಂತಾ ಗದಗಿನಲ್ಲೇ ಇದ್ದಳು, ಅವಳ ಮಕ್ಕಳ ಜೊತೆ ನಮ್ಮದೂ ಒಂದು ಬೆಳೆಯಲಿ ಅಂತ ತೀರ್ಮಾನವಾಯಿತು. ಛಳಿಗಾಲದ ಬಿರುಗಾಳಿ ಏಳುವ ಮೊದಲು ಕಡೆಯ ಹಡಗು ಹೊರಡುತ್ತಿತ್ತು. ಹತ್ತನೇ ತರಗತಿ ಮುಗಿಯುವವರೆಗೆ ಅಲ್ಲೇ ಇರಲಿ, ರಜೆಗೆ ಬಂದು ಹೋಗಲಿ ಅಂದುಕೊಂಡೆವು. ಹಾಗೆ ಅಂದುಕೊಂಡು ನಾನು ಟ್ರಂಕಿಗೆ ಅವಳ ಲಂಗ, ಸ್ವೆಟರುಗಳನ್ನು ಮಡಿಸಿಟ್ಟೆ. ಮಡಿಸುವಾಗ ಅತ್ತೆ. ಮೂಗು ಒರೆಸಿಕೊಂಡು ಮತ್ತೆ ಮಡಿಸಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹೊದಿಕೆ ಸರಿಸಿದರೆ ನಮ್ಮ ಹಾಸಿಗೆಯಲ್ಲಿ ಎರಡು ತಲೆ. ಒಂದು ನೀಲಾ. ಇನ್ನೊಂದು ಗುಂಗುರು ಕೂದಲಿನ, ಮೂಗಿನ ಮೇಲೆ ಮಚ್ಚೆಯಿದ್ದ ಹುಡುಗಿ. ಶಾಲೆಯಲ್ಲಿ ನೀಲಾಳ ಬೆಂಚಿನಲ್ಲೇ ಕೂರುವ ಮೀರೆ ಅವಳು. ನೀಲಾ ಎದ್ದು ಅವಳನ್ನು ನೋಡಿದ್ದೇ ಕೂಗಿಕೊಂಡು ಹಾಸಿಗೆಯ ಮೇಲೆ ಕುಣಿದಳು. ಎಷ್ಟೋ ದಿನದ ಮೇಲೆ ನನ್ನ ಮಗಳು ನಕ್ಕಿದ್ದಳು. ನನಗಂತೂ ಸಾಕ್ಷಾತ್ ದೇವರೇ ಮನೆಗೆ ಬಂದಂತಾಯಿತು. ಮೊದಲ ಸಲ ಮನೆಗೆ ಬಂದ ಹೆಣ್ಣುಕೂಸು, ಹಾಗೇ ಕಳಿಸುವುದುಂಟೇ? ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ತುಪ್ಪ ಸುರಿದು ರವೆಯ ಸಜ್ಜಕ ಮಾಡಿದೆ. ಗಂಡನ ಪಾಲಿಗಿಟ್ಟಿದ್ದ ಗೋಡಂಬಿಯನ್ನೂ ಅದಕ್ಕೇ ಹಾಕಿದೆ. ನೀಲಾಳನ್ನು ಪಕ್ಕಕ್ಕೆ ಸರಿಸಿ ಅವಳನ್ನು ಮಣೆಯ ಮೇಲೆ ಕೂರಿಸಿ, ‘ಇನ್ನಷ್ಟು ಹಾಕ್ಕೋವ್ವಾ, ನಾಚಬ್ಯಾಡ’ ಅಂತ ಕೈ ಅಡ್ಡ ಬಂದರೂ ಬಿಡದೆ ಬಡಿಸಿದೆ. ಕಡೆಗೆ ಹಣೆಗೆ ಕುಂಕುಮವಿಟ್ಟು, ನನ್ನ ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿದೆ. ಹುಡುಗಿ ಫ್ರಾಕಿನ ಚುಂಗು ಎತ್ತಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ, ಕಾಯಿ ಬೀಳದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಶಾಲೆಗೆ ನಡೆದಳು. ಬಾಗಿಲಲ್ಲಿ ನಿಂತು ನೋಡಿ ನನ್ನ ಹೊಟ್ಟೆ ತುಂಬಿತು. ಗದಗಿನ ಮನೆತನ ಅಂದರೆ ಏನು ಅಂತ ಈ ಊರಿಗೂ ಗೊತ್ತಾಗಲಿ ಅಂದುಕೊಂಡೆ.

ಸಂಜೆ ನೀಲಾ ಬಂದವಳೇ ಮೂಲೆಯಲ್ಲಿ ಮುಖ ತಿರುಗಿಸಿ ಕೂತಳು. ಮೀರೆ ಆವತ್ತು ಬೇರೆ ಬೆಂಚಿನಲ್ಲಿ ಕೂತಳಂತೆ. ಯಾರೂ ನಗಲಿಲ್ಲವಂತೆ, ಯಾರೂ ಏನೂ ಅನ್ನಲಿಲ್ಲವಂತೆ. ಬರೀ ಸುಮ್ಮನೆ ನೋಡಿದರಂತೆ.

“ಎಲ್ಲಾ ನಿನ್ನಿಂದನ ಆತು,” ಅಂದಳು ನನ್ನ ಮಗಳು. “ನಾ ಹಡಗ ಹತ್ತಿ ಹೋಗ್ತೀನಿ. ನಾಳೇನ ಕಳಸು.”

ಮರುದಿನ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಖಣ, ಕಾಯಿ, ಕಾಗದದ ಪೊಟ್ಟಣದಲ್ಲಿ ಅಕ್ಕಿ. ಖಣವನ್ನು ಒಗೆದು, ಇಸ್ತ್ರಿ ಮಾಡಿ, ಮಡಿಕೆ ಮುರಿಯದಂತೆ ಇಟ್ಟಿದ್ದರು. ನನಗೆ ಮೈ ಉರಿದುಹೋಯಿತು. ಉಡಿ ತುಂಬಿದ್ದನ್ನು ತಿರುಗಿ ಕಳಿಸುವ ಜನ ಉಂಟೇ? ಅದೇ ಕಾಯಿ ಹಿಡಿದುಕೊಂಡು ಒರೂನಾಳ ಮನೆಗೆ ನುಗ್ಗಿದೆ. ಒಂದು ಥ್ಯಾಂಕ್ಸ್ ಹೇಳದಿದ್ದರೆ ಹಾಳಾಗಲಿ, ಹೀಗೆ ಮುಖಕ್ಕೆ ಎಸೆಯುವುದೇ ಅಂತ ಕೂಗಾಡಿದೆ. ಅವಳು ಚಹಾ ಕುದಿಸುತ್ತಿದ್ದಳು.

“ಎಸದಿಲ್ಲಲಾ ಕಸ್ತೂರೀ, ಇಸ್ತ್ರಿ ಮಾಡಿ ಇಟ್ಟಾರ,” ಅಂದಳು. “ಆ ಕೂಸಿನ ತಾಯಿ ಪಾಪ ರಾತ್ರಿಯೆಲ್ಲಾ ಅತ್ತಾಳ ಅಂತ ಕೇಳಿದೆ.”

“ಅಳಾಕ ನಾ ಏನ್ ವಿಷಾ ಹಾಕಿದ್ನಾ?”

“ನೀ ಆಕಿ ಮಗಳನ್ನ ಬೀಗರ ಹುಡುಗಿ ಮಾಡಿ ಕಳಿಸ್ದಿ. ಇಲ್ಲೆ ಹೊರಳಿ ಬಂದ ಕೂಸು ಯಾರ ಮನ್ಯಾಗ ಎದ್ದರ ಆ ಮನಿ ಮಗಳ ಅದು. ಮನಿ ಮಗಳಿಗೆ ಯಾರರ ಉಡಿ ತುಂಬಿ ಬಾಗಲಾ ತೋರಸ್ತಾರನು? ನೀ ಕಾಯಿ ಕೊಟ್ಟು ಕಳಸಿದ್ದು ಹೆಂಗಾತಪಾ ಅಂದ್ರ, ‘ಇದು ನಮ್ಮದಲ್ಲ, ನಿಮ್ಮ ವಸ್ತು ನೀವ ಇಟಗೋರಿ’ ಅಂದಂಗಾತು. ಅದರಾಗ ಯಾರ ಮನಿ ಅಂತ ಊರಿಗೆಲ್ಲಾ ಗೊತ್ತಾತು. ಯಾರ ಮನಿ ಅಂತ ಹುಡುಗರು ಹೇಳೂದಿಲ್ಲ, ನಾವು ಕೇಳೂದಿಲ್ಲ. ಗೊತ್ತಾದ್ರ ಋಣ ಆಕ್ಕೈತಿ. ಆಕಿ ನಿನಗ ಏನರ ತರಬೇಕು, ನೀ ತಿರುಗಿ ಕೊಡಬೇಕು, ಯಾರದು ಹೆಚ್ಚು ಯಾರದು ಕಡಿಮಿ ಅಂತ ಲೆಕ್ಕ ಸುರು ಆಕ್ಕೈತಿ.”

ನಾನು ಕಾಯಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತೆ. ಉಪಚಾರ ಮಾಡುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದದ್ದು. ಅದೂ ಇಲ್ಲಿ ಉಲ್ಟಾ ಹೊಡೆಯಿತಲ್ಲ ಅಂತ ಕಣ್ಣಲ್ಲಿ ನೀರು ಬಂತು. ಒರೂನಾ ಚಹಾದ ಕಪ್ಪು ನನ್ನ ಮುಂದಿಟ್ಟಳು.

“ಹಂಗಾರ ಅವರನ್ನ ಹೆಂಗ ನೋಡಬೇಕು?”

“ನಿನ್ನ ಮಗಳನ್ನ ಹೆಂಗ ನೋಡ್ತಿ? ಎದ್ದ ಕೂಡ್ಲೆ ಸಜ್ಜಕಾ ಮಾಡಿ ಮಣಿ ಹಾಕ್ತೀಯನು?”

“ಬೈತೀನಿ. ಹಾಸಿಗಿ ಮಡಚಂತ ಬೈತೀನಿ.”

“ಹಾಂ, ಅದನ್ನ ಮಾಡು.” ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಗ್ವಾಡಿ ಆಚೆ ಟ್ರಂಕ್ ಎಳಿಯೂ ಸಪ್ಪಳ ಕೇಳಿಸ್ತು. ಹುಡುಗೀನ ಊರಿಗೆ ಕಳಸಾಕತ್ತೀಯಂತ,” ಅಂದಳು.

“ಹೌದಕ್ಕಾ. ಇಲ್ಲೆ ಆಕಿಗೆ ಒಗ್ಗವಲ್ದು.”

“ಹುಡುಗಿ ಮುಂಗೈ ಮ್ಯಾಲೆ ಬರಿ ಮೂಡೂ ಹಂಗ ಸೆರಗ ಕಟ್ಟತೀ. ಒಂದು ಮುಂಜಾನಿ ನಮ್ಮ ಕೈಯಾಗ ಬಿಡಾಕ ನಿನಗ ಧೈರ್ಯ ಇಲ್ಲ. ಅಷ್ಟು ವರ್ಷ ಸಮುದ್ರದಾಚೆ ಬಿಟ್ಟು ಹೆಂಗ ಇರ್ತಿ?”

ಚಹಾ ಕುಡಿದು ಮನೆಗೆ ಬಂದೆ. ಆವತ್ತು ಮಲಗುವಾಗ ಸೆರಗು ಕಟ್ಟಲಿಲ್ಲ. ಮಗಳ ಪಕ್ಕದಲ್ಲಿ ಬರೀ ಕೈ ಇಟ್ಟುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಗಂಟು ಬಿಚ್ಚಿದ ಮಾತ್ರಕ್ಕೆ ಏನೂ ಆಗಲಿಲ್ಲ. ಮಗಳು ಅಲ್ಲೇ ಮಲಗಿ ಅಲ್ಲೇ ಏಳುತ್ತಿದ್ದಳು. ಹಡಗಿನ ದಿನ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಮಗು ನಮ್ಮಲ್ಲಿಗೆ ಹೊರಳಿತು. ಆರು ವರ್ಷದ ಗುಂಡನೆಯ ಹುಡುಗ, ಹೆಸರೂ ಗೊತ್ತಿಲ್ಲ. ಕೈಕಾಲು ಚಾಚಿ ನನ್ನ ಗಂಡನ ದಿಂಬನ್ನು ಆಕ್ರಮಿಸಿದ್ದ. ನನ್ನ ಕೈ ತಾನಾಗಿ ರವೆಯ ಡಬ್ಬಿಯ ಕಡೆ ಹೋಯಿತು. ತಡೆದುಕೊಂಡೆ. ಗಂಟಲು ಸರಿಮಾಡಿಕೊಂಡು, “ಏಯ್ ಏಳೋ, ಸಾಲಿಗೆ ಹೊತ್ತಾತು. ಹಾಸಿಗಿ ಯಾರು ಮಡಸ್ತಾರ, ನಿಮ್ಮಪ್ಪನಾ?” ಅಂದೆ. ಅಂದು ಗಾಬರಿಯಾಯಿತು, ಎಲ್ಲಿ ಅತ್ತುಬಿಡುತ್ತಾನೋ ಅಂತ. ಅವನು ಆಕಳಿಸುತ್ತ ಎದ್ದು, ಹೊದಿಕೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದ. ನಿನ್ನೆಯ ರೊಟ್ಟಿ ಮುರಿದು ಮೊಸರು, ಚಟ್ನಿಪುಡಿ ಕಲಸಿ ಕೊಟ್ಟೆ. ಖಾರ ಅಂತ ಬಾಯಿ ಸೆಳೆದ. ನೀರು ಕುಡಿ, ತಿನ್ನು ಅಂದೆ. ಪೂರ್ತಿ ತಿಂದು ತಾಟು ತೊಳೆಯುವ ಜಾಗಕ್ಕೆ ತಾನೇ ಇಟ್ಟ. ಹೋಗುವಾಗ ಅಂಗಿಯ ಗುಂಡಿ ತಪ್ಪು ಹಾಕಿಕೊಂಡಿದ್ದನ್ನು ಬಿಚ್ಚಿ ಹಾಕುತ್ತ ತಲೆಗೆ ಒಂದು ಮೊಟಕಿದೆ. ಅವನು ತಿರುಗಿಯೂ ನೋಡದೆ ಓಡಿದ. ಮಕ್ಕಳು ಮನೆಯಿಂದ ಹಾಗೇ ಓಡುವುದಲ್ಲವೇ? ಬಾಗಿಲಲ್ಲಿ ನಿಂತವಳಿಗೆ ಅಷ್ಟು ದೊಡ್ಡ ಸುಖ ಅದರಲ್ಲಿದೆ ಅಂತ ಆವತ್ತು ತಿಳಿಯಿತು.

ಆಗಲೂ ನೀಲಾ ಹೊರಳಲಿಲ್ಲ. ಇನ್ನು ಅವಳ ಹಣೆಯಲ್ಲಿ ಬರೆದಿಲ್ಲ, ಹೋಗಲಿ ಬಿಡು ಅಂದುಕೊಂಡೆವು. ಟ್ರಂಕಿಗೆ ಬೀಗ ಹಾಕಿದೆವು. ಹಡಗಿಗೆ ಇನ್ನೊಂದು ವಾರವಿತ್ತು. ಒಂದು ಬೆಳಿಗ್ಗೆ ಎದ್ದು ಪಕ್ಕಕ್ಕೆ ಕೈ ಹಾಕಿದರೆ ಬರಿಯ ಹಾಸಿಗೆ ಸಿಕ್ಕಿತು. ಬಚ್ಚಲಿಗೆ ಹೋಗಿರಬೇಕು ಅಂದುಕೊಂಡೆ. ಬಚ್ಚಲು ಖಾಲಿ. ಹಿತ್ತಲು ಖಾಲಿ. ಬಾಗಿಲಿನ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು. ಅವಳ ಚಪ್ಪಲಿ ಹೊಸ್ತಿಲ ಹತ್ತಿರ ಜೋಡಿಯಾಗಿ ಕೂತಿತ್ತು.

ಮಹಾಂತೇಶ ಅಂಗಿ ಹಾಕಿಕೊಳ್ಳುತ್ತಲೇ ಬಾಗಿಲಿಗೆ ಓಡಿದರು. ಇಷ್ಟು ದಿನ ನನ್ನನ್ನು ಗೇಲಿ ಮಾಡುತ್ತಿದ್ದ ಮನುಷ್ಯ ಗುಂಡಿಗಳನ್ನೆಲ್ಲ ತಪ್ಪು ತೂತಿಗೆ ಹಾಕಿಕೊಂಡಿದ್ದರು.

“ಎಲ್ಲಿಗ್ ಹೊಂಟ್ರಿ?”

“ಹುಡುಕಾಕ! ಕೂಸು ಬರಿಗಾಲಾಗ ಹೋಗೇತಿ!”

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. “ಹೋಗಬ್ಯಾಡ್ರಿ. ಯಾರೋ ಆಕಿ ತಲಿ ಬಾಚಾಕತ್ತಿರ್ತಾರ. ನಡುವ ಹೋಗಿ ನಿಂತ್ರ ಅವರಿಗೆ ಹೆಂಗ ಅನಸಬೇಕು?” ಅಂದೆ. ಇದನ್ನು ಅಂದವಳು ನಾನೇನಾ ಅನ್ನುವಂತೆ ಅವರು ನನ್ನನ್ನು ನೋಡಿದರು. ಅಂದದ್ದೇನೋ ಅಂದೆ. ಆ ದಿನ ಕಳೆದ ರೀತಿ ದೇವರಿಗೇ ಗೊತ್ತು. ಪ್ರೆಸ್ಸಿಗೆ ಹೋಗದೆ ಇವರು ಕಿಟಕಿಯ ಬಳಿ ಕೂತರು. ನಾನು ಮಾಡಿದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತಿಂದಿದ್ದಾಳೋ ಇಲ್ಲವೋ, ಬಚ್ಚಲು ಎಲ್ಲಿದೆ ಅಂತ ಕೇಳಲು ನಾಚಿಕೊಂಡಳೋ, ಯಾರಾದರೂ ಗದರಿದರೆ ಅಳುತ್ತಾಳೆ, ಅಳುವಾಗ ಬಿಕ್ಕಳಿಕೆ ಬರುತ್ತದೆ, ಬಿಕ್ಕಳಿಕೆಗೆ ಸಕ್ಕರೆ ಕೊಡಬೇಕು ಅಂತ ಆ ಮನೆಯವರಿಗೆ ಹೇಗೆ ಗೊತ್ತಿರಬೇಕು? ಹೀಗೆ ಒಂದೇ ಸಮ ಕುದಿದೆ.

ಸಂಜೆ ಶಾಲೆಯ ಗಂಟೆ ಹೊಡೆಯಿತು. ಓಣಿಯ ತಿರುವಿನಲ್ಲಿ ನೀಲಾ ಬಂದಳು. ಅವಳ ಕಾಲಿನಲ್ಲಿ ಯಾರದೋ ಹಳೆಯ ಶೂ, ಬೆರಳ ತುದಿಗೆ ಬಟ್ಟೆ ತುರುಕಿ ಸರಿಮಾಡಿದ್ದರು. ಕೂದಲನ್ನು ನನಗೆ ಬಾರದ ರೀತಿಯಲ್ಲಿ ಹೆಣೆದು ತಲೆಯ ಸುತ್ತ ಸುತ್ತಿದ್ದರು. ಒಳಗೆ ಬಂದು ಕೈ ಚಾಚಿ ನನ್ನ ಮುಂದೆ ಹಿಡಿದಳು. ಹತ್ತೂ ಉಗುರುಗಳನ್ನು ಸಣ್ಣಗೆ, ಒಪ್ಪವಾಗಿ ತೆಗೆದಿದ್ದರು. ಹುಟ್ಟಿದಾಗಿನಿಂದ ಈ ಹುಡುಗಿಯ ಉಗುರು ತೆಗೆಯುವುದು ಅಂದರೆ ನಮ್ಮ ಮನೆಯಲ್ಲಿ ಯುದ್ಧ. ಇವರು ಕಾಲು ಹಿಡಿದುಕೊಳ್ಳಬೇಕು, ನಾನು ಕೈ ಹಿಡಿದುಕೊಳ್ಳಬೇಕು.

“ಗದ್ದಲ ಮಾಡಲಿಲ್ಲೇನ?” ಅಂದೆ.

“ಮಾಡಿದ್ನಿ. ‘ಇಷ್ಟುದ್ದ ಉಗುರು ಬಿಟಗೊಂಡು ನನ್ನ ಮನ್ಯಾಗ ಊಟಕ್ಕ ಕುಂದ್ರಬ್ಯಾಡ’ ಅಂತ ಬೈದ್ರವ್ವಾ! ಗಟ್ಯಾಗಿ ಬೈದ್ರು!” ನೀಲಾಳ ಮುಖ ಹಬ್ಬವಾಗಿತ್ತು. “ಆಮ್ಯಾಲೆ ತೊಡಿ ಮ್ಯಾಲೆ ಕುಂದ್ರಿಸಿಕೊಂಡು ತಗದ್ರು. ಅವ್ವಾ, ಊಟಕ್ಕ ಹಾಕ. ಭಾಳ ಹಸಿವಾಗೇತಿ.”

ಯಾರ ಮನೆ ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವಳು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಹಾಕಿದಳು. ಉಪ್ಪಾದ ಸಾರನ್ನೂ ಸುರಿದುಕೊಂಡು ಉಂಡಳು. ಆಮೇಲೆ ಮೂಲೆಗೆ ಹೋಗಿ, “ಅಪ್ಪಾ, ಟ್ರಂಕಿನ ಕೀಲಿ ಕೊಡ. ಸ್ವೆಟರ್ ಬೇಕು, ಮುಂಜಾನೆ ಛಳಿ ಆಕ್ಕೈತಿ,” ಅಂದಳು. ಮಹಾಂತೇಶ ಕೀಲಿ ಕೊಟ್ಟು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದರು. ಅವರು ಬಹಳ ಹೊತ್ತು ಮುಖ ತೊಳೆದರು. ಅಕ್ಕ ಶಾಂತಾಳಿಗೆ ಈ ವರ್ಷ ಬೇಡ ಅಂತ ತಿಳಿಸಿದೆವು. ಹಡಗು ತನ್ನ ಪಾಡಿಗೆ ಹೋಯಿತು.

ಆದರೆ ನನ್ನ ಜೀವಕ್ಕೆ ಹೊಸದೊಂದು ಸಂಕಟ ಹತ್ತಿಕೊಂಡಿತು. ಉಪಕಾರ ಮಾಡಿದವರಿಗೆ ಎರಡು ಮಾತು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಹೇಳೋಣವೆಂದರೆ ಯಾರಿಗೆ? ಮರುದಿನ ಪೇಟೆಗೆ ಹೋದಾಗ ಎದುರಿಗೆ ಬಂದ ಹೆಂಗಸರ ಮುಖ ನೋಡುವುದು ಬಿಟ್ಟು ಕೈ ನೋಡುತ್ತ ನಡೆದೆ. ಈ ಕೈಯೇ ಇರಬಹುದು ಜಡೆ ಹಾಕಿದ್ದು. ಅಥವಾ ಅದೋ, ಆ ಕೆಂಪು ಕೈ. ಬ್ರೆಡ್ಡಿನ ಅಂಗಡಿಯಲ್ಲಿ ಒಬ್ಬಳು ಇದ್ದಳು, ಮುಖ ಯಾವಾಗಲೂ ಹುಳಿ. ನಾನು ಬ್ರೆಡ್ಡು ಹಿಚುಕಿ ನೋಡುತ್ತೇನೆ ಅಂತ ಅವಳಿಗೆ ಸಿಟ್ಟು, ಹಳಸಿದ್ದು ಕೊಡುತ್ತಾಳೆ ಅಂತ ನನಗೆ ಸಿಟ್ಟು. ನಮ್ಮಿಬ್ಬರ ಜಗಳ ಇಡೀ ಪೇಟೆಗೆ ಗೊತ್ತಿತ್ತು.

“ಮುಟ್ಟಬ್ಯಾಡ, ಮುಟ್ಟಬ್ಯಾಡ! ಏನ್ ರೋಗ ನಿನಗ ದಿನಾ ಹಿಚಕಾಕ?” ಅಂತ ಆವತ್ತೂ ಶುರು ಮಾಡಿದಳು.

ನಾನು ಎಂದಿನಂತೆ ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಗಟ್ಟಿಯಾಗಿ ಬೈಯುವವಳು, ಅಂದುಕೊಂಡೆ. ಇವಳೇ ಯಾಕಿರಬಾರದು? “ತಪ್ಪಾತ್ರೀ ಅಕ್ಕಾ,” ಅಂದು ಹಲಗೆಯ ಮೇಲಿದ್ದ ಹಿಟ್ಟು ಮೆತ್ತಿದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ನಿಮ್ಮ ಉಪಕಾರ ಭಾಳ ದೊಡ್ಡದು.”

“ಒಂದು ಬ್ರೆಡ್ಡಿಗೆ ಇಷ್ಟ್ಯಾಕವ್ವಾ?” ಅಂದಳು ಅವಳು, ಹುಚ್ಚಿಯನ್ನು ನೋಡುವಂತೆ ನೋಡುತ್ತ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ನಾನೇ ಬಿಟ್ಟು, ಕಣ್ಣೊರೆಸಿಕೊಂಡು, ಮುಂದಿನ ಅಂಗಡಿಗೆ ನಡೆದೆ. ಅಲ್ಲಿಯವಳಿಗೂ ಹೇಳುವುದಿತ್ತು.